ಮುಂಡರಗಿ ಮಕ್ಕಳ ಕೈಗೆ ಕಪ್ಪು ಸಾಧಕರ ಕತೆಗಳು: ಊರಲ್ಲೇ ಒಂದು ಓದಿನ ಹಬ್ಬ ಮಾಡುವುದು ಹೇಗೆ?

ಅಮೆರಿಕದಲ್ಲಿ ಪ್ರತಿ ವರ್ಷ ಫೆಬ್ರುವರಿಯನ್ನು ಕಪ್ಪು ಜನರ ಇತಿಹಾಸದ ತಿಂಗಳಾಗಿ ಆಚರಿಸುತ್ತಾರೆ. ಇದಕ್ಕೆ ಬೀಜ ಬಿತ್ತಿದವರು ಕಾರ್ಟರ್ ಜಿ. ವುಡ್ಸನ್. ಅವರ ತಂದೆ ತಾಯಿ ಇಬ್ಬರೂ ಗುಲಾಮಗಿರಿಯಿಂದ ಬಿಡುಗಡೆಯಾಗಿ ಬಂದವರು. ಹುಡುಗನಾಗಿದ್ದಾಗ ಕಲ್ಲಿದ್ದಲ ಗಣಿಯಲ್ಲಿ ದುಡಿದ ವುಡ್ಸನ್ ಪ್ರೌಢಶಾಲೆಯ ಮೆಟ್ಟಿಲು ಹತ್ತುವಾಗ ವಯಸ್ಸು 20ರ ಹತ್ತಿರ ಬಂದಿತ್ತು. ಮುಂದೆ 1912ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ತಮ್ಮ ಜನರ ಸಾಧನೆ ಶಾಲೆಯ ಪುಸ್ತಕದಲ್ಲಿ ಎಲ್ಲೂ ಇಲ್ಲವೆಂದು ಕಂಡು 1926ರಲ್ಲಿ ಒಂದು ವಾರದ ಆಚರಣೆ ಆರಂಭಿಸಿದರು. 1976ರಿಂದ ಅದು ಇಡೀ ತಿಂಗಳಿಗೆ ವಿಸ್ತರಿಸಿತು. 1990ರಿಂದ ಅಲ್ಲಿನ ಶಿಕ್ಷಕರು ಇದೇ ತಿಂಗಳಲ್ಲಿ ಕಪ್ಪು ಲೇಖಕರ ಪುಸ್ತಕಗಳನ್ನು ಮಕ್ಕಳ ಜೊತೆ ಕೂತು ಗಟ್ಟಿಯಾಗಿ ಓದುವ ಪದ್ಧತಿಯನ್ನೂ ಬೆಳೆಸಿದ್ದಾರೆ.

ಇದಕ್ಕೂ ಮುಂಡರಗಿಗೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ಇದೆ, ಅದೂ ಹತ್ತಿರದ್ದೇ. ಗದಗ, ಹುಬ್ಬಳ್ಳಿ, ಕಲಘಟಗಿ ದಾಟಿ ಯಲ್ಲಾಪುರದ ಕಾಡಿಗೆ ಇಳಿದರೆ ಆಫ್ರಿಕಾ ಮೂಲದ ಸಿದ್ದಿ ಜನ ನೂರಾರು ವರ್ಷಗಳಿಂದ ಕನ್ನಡಿಗರಾಗಿ ಬದುಕುತ್ತಿದ್ದಾರೆ. ನಮ್ಮ ಎರಿ ಹೊಲದಲ್ಲಿ ಬೆಳೆಯುವ ಹತ್ತಿ, ಶೇಂಗಾ, ನಮ್ಮ ಕಪ್ಪತಗುಡ್ಡ, ನಮ್ಮ ಅವ್ವಂದಿರು ಹೊಲಿಯುವ ಕೌದಿ, ಇವೆಲ್ಲವೂ ಒಂದೊಂದು ಕಪ್ಪು ಸಾಧಕರ ಕತೆಗೆ ಬಾಗಿಲು ತೆರೆಯುತ್ತವೆ. ಮಗುವಿಗೆ ಗೊತ್ತಿರುವ ವಸ್ತುವಿನಿಂದ ಶುರು ಮಾಡಿ ಗೊತ್ತಿಲ್ಲದ ದೇಶಕ್ಕೆ ಕರೆದೊಯ್ದರೆ ಓದು ತಾನಾಗಿಯೇ ಹಿಡಿಸುತ್ತದೆ. ಈ ಲೇಖನ ಅದಕ್ಕೊಂದು ಕೈಪಿಡಿ. ಶಿಕ್ಷಕರು, ಗ್ರಂಥಾಲಯ ನಡೆಸುವವರು, ತಂದೆ ತಾಯಿ, ಊರಿನ ಯುವಕ ಸಂಘದವರು, ಯಾರು ಬೇಕಾದರೂ ಇದನ್ನು ಬಳಸಬಹುದು.

ಮೊದಲ ಕತೆ: ರೊಟ್ಟಿ ಕೊಟ್ಟು ಅಕ್ಷರ ಕಲಿತ ಹುಡುಗ

ಹಬ್ಬದ ಮೊದಲ ಕತೆ ಓದಿನ ಕುರಿತೇ ಇರಲಿ. ಫ್ರೆಡರಿಕ್ ಡಗ್ಲಾಸ್ 1818ರಲ್ಲಿ ಅಮೆರಿಕದ ಮೇರಿಲ್ಯಾಂಡಿನಲ್ಲಿ ಗುಲಾಮನಾಗಿ ಹುಟ್ಟಿದರು. ಬಾಲ್ಟಿಮೋರ್ ಪಟ್ಟಣದ ಮನೆಯೊಂದಕ್ಕೆ ಕೆಲಸಕ್ಕೆ ಕಳಿಸಿದಾಗ ಆ ಮನೆಯ ಯಜಮಾನತಿ ಹುಡುಗನಿಗೆ ಅಕ್ಷರ ಹೇಳಿಕೊಡಲು ಶುರು ಮಾಡಿದಳು. ಗಂಡನಿಗೆ ಗೊತ್ತಾದ ಕೂಡಲೇ ಪಾಠ ನಿಂತಿತು. ಓದು ಕಲಿತ ಗುಲಾಮ ಗುಲಾಮನಾಗಿ ಉಳಿಯುವುದಿಲ್ಲ ಎಂಬುದು ಆತನ ಭಯ. ಆ ಮಾತು ಕೇಳಿದ ಹುಡುಗನಿಗೆ ಬಿಡುಗಡೆಯ ದಾರಿ ಯಾವುದೆಂದು ತಿಳಿದುಹೋಯಿತು. ಮನೆಯಿಂದ ರೊಟ್ಟಿ ತುಂಡುಗಳನ್ನು ಜೇಬಿನಲ್ಲಿಟ್ಟುಕೊಂಡು ಓಣಿಗೆ ಹೋಗುತ್ತಿದ್ದ. ಹಸಿದ ಬಡ ಬಿಳಿಯ ಹುಡುಗರಿಗೆ ರೊಟ್ಟಿ ಕೊಟ್ಟು, ಬದಲಿಗೆ ಅವರಿಂದ ಓದು ಕಲಿಯುತ್ತಿದ್ದ. 1838ರಲ್ಲಿ ತಪ್ಪಿಸಿಕೊಂಡು ಸ್ವತಂತ್ರನಾದ. 1845ರಲ್ಲಿ ತನ್ನ ಆತ್ಮಕತೆ ಬರೆದ. ಗುಲಾಮಗಿರಿಯ ವಿರುದ್ಧ ಆ ಕಾಲದ ಅತಿ ದೊಡ್ಡ ದನಿಗಳಲ್ಲಿ ಅವರದೂ ಒಂದಾಯಿತು.

ಈ ಕತೆಯನ್ನು ನಾಲ್ಕನೇ ತರಗತಿಯ ಮಗುವೂ ಪೂರ್ತಿ ಹಿಡಿದುಕೊಳ್ಳುತ್ತದೆ. ಕತೆ ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿ: ‘ಓದು ಕಲಿಸಬಾರದು ಅಂತ ಆ ಯಜಮಾನ ಯಾಕೆ ಹೇಳಿದ?’ ಮಕ್ಕಳು ಕೊಡುವ ಉತ್ತರಗಳನ್ನು ಹಲಗೆಯ ಮೇಲೆ ಬರೆಯಿರಿ. ಈ ನೆಲದಲ್ಲೂ ಅಕ್ಷರವನ್ನು ಬಹಳ ಜನರಿಂದ ದೂರ ಇಟ್ಟಿದ್ದ ಕಾಲವಿತ್ತು ಎಂಬ ಮಾತಿಗೆ ಅಲ್ಲಿಂದ ನೇರ ದಾರಿ ಇದೆ. ಜ್ಯೋತಿಬಾ ಫುಲೆಯವರು 1873ರಲ್ಲಿ ಬರೆದ ‘ಗುಲಾಮಗಿರಿ’ ಪುಸ್ತಕವನ್ನು, ಕಪ್ಪು ಜನರನ್ನು ಗುಲಾಮಗಿರಿಯಿಂದ ಬಿಡಿಸಲು ಶ್ರಮಿಸಿದ ಅಮೆರಿಕದ ಸಜ್ಜನರಿಗೆ ಅರ್ಪಿಸಿದ್ದರು. ಫುಲೆ ದಂಪತಿಯ ಪಾಠ ಬಂದಾಗ ಡಗ್ಲಾಸ್ ಕತೆಯನ್ನೂ ಜೊತೆಗಿಟ್ಟು ಓದಿಸಿ.

ನಮ್ಮ ನೆಲಕ್ಕೆ ಹೊಂದುವ ನಾಲ್ಕು ಬಾಗಿಲು

*ಶೇಂಗಾ ಹೊಲ: ಜಾರ್ಜ್ ವಾಷಿಂಗ್ಟನ್ ಕಾರ್ವರ್.* ಗದಗ ಜಿಲ್ಲೆಯ ಮಕ್ಕಳಿಗೆ ಇವರಷ್ಟು ಹತ್ತಿರವಾಗುವ ವಿಜ್ಞಾನಿ ಇನ್ನೊಬ್ಬರಿಲ್ಲ. 1864ರ ಸುಮಾರಿಗೆ ಅಮೆರಿಕದಲ್ಲಿ ಗುಲಾಮಗಿರಿಯಲ್ಲೇ ಹುಟ್ಟಿದ ಮಗು. ಹಸುಗೂಸಾಗಿದ್ದಾಗಲೇ ತಾಯಿಯನ್ನು ಕಳೆದುಕೊಂಡರು. ತಮ್ಮೂರ ಶಾಲೆಗೆ ಕಪ್ಪು ಮಕ್ಕಳನ್ನು ಸೇರಿಸುತ್ತಿರಲಿಲ್ಲವೆಂದು ಮೈಲುಗಟ್ಟಲೆ ನಡೆದು ಬೇರೆ ಊರಿಗೆ ಹೋಗಿ ಕಲಿತರು. ಕೃಷಿ ವಿಜ್ಞಾನಿಯಾಗಿ 1896ರಲ್ಲಿ ಟಸ್ಕೀಗಿ ಎಂಬ ಶಿಕ್ಷಣ ಸಂಸ್ಥೆಗೆ ಬಂದಾಗ ಸುತ್ತಲಿನ ಬಡ ರೈತರ ಹೊಲಗಳು ವರ್ಷವರ್ಷವೂ ಹತ್ತಿಯನ್ನೇ ಬೆಳೆದು ಸತ್ವ ಕಳೆದುಕೊಂಡಿದ್ದವು. ಹತ್ತಿ ಬೆಳೆದ ಹೊಲಕ್ಕೆ ಮುಂದಿನ ವರ್ಷ ಶೇಂಗಾ, ಅಲಸಂದಿ ಹಾಕಿ ಎಂದು ಕಾರ್ವರ್ ಹೇಳಿದರು. ರೈತರು ಶಾಲೆಗೆ ಬರಲಾರರೆಂದು 1906ರಲ್ಲಿ ಬೀಜ, ಸಲಕರಣೆ ತುಂಬಿದ ಬಂಡಿಯನ್ನು ಅವರ ಹೊಲಕ್ಕೇ ಕಳಿಸುವ ವ್ಯವಸ್ಥೆ ಮಾಡಿದರು. ಬೆಳೆದ ಶೇಂಗಾದಿಂದ ಏನೇನು ಮಾಡಬಹುದು ಎಂದು 1916ರಲ್ಲಿ 105 ಬಗೆಯ ಅಡುಗೆಗಳ ಪುಸ್ತಿಕೆಯನ್ನೇ ಹೊರತಂದರು.

ಓದಿದ ಮೇಲೆ ಮಕ್ಕಳನ್ನು ಹೊಲಕ್ಕೆ ಕರೆದೊಯ್ಯಿರಿ. ಮುಂಗಾರು ಶೇಂಗಾ ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ಒಂದು ಗಿಡವನ್ನು ಮಣ್ಣಿನ ಸಮೇತ ಮೆಲ್ಲಗೆ ಅಗೆದು ತೆಗೆಯಿರಿ. ಕಿತ್ತರೆ ಸಣ್ಣ ಬೇರುಗಳು ಹರಿದುಹೋಗುತ್ತವೆ. ಬಕೆಟ್ ನೀರಿನಲ್ಲಿ ಬೇರು ಅದ್ದಿ ತೊಳೆದರೆ ಸಾಸಿವೆ ಕಾಳಿನ ಗಾತ್ರದ ಗಂಟುಗಳು ಕಾಣುತ್ತವೆ. ಒಂದು ಗಂಟನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ತಿಳಿ ಕೆಂಪು ಬಣ್ಣ ಇದ್ದರೆ ಅಲ್ಲಿನ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಆಹಾರ ಮಾಡಿಕೊಡುವ ಕೆಲಸದಲ್ಲಿವೆ ಎಂದು ಅರ್ಥ. ಕಾರ್ವರ್ ರೈತರಿಗೆ ಹೇಳಿದ ಬುದ್ಧಿಮಾತಿಗೆ ಸಾಕ್ಷಿ ಮಗುವಿನ ಅಂಗೈಯಲ್ಲೇ ಇರುತ್ತದೆ. ಒಂದು ಎಚ್ಚರಿಕೆ: ಶೇಂಗಾ ಬೆಣ್ಣೆಯನ್ನು ಕಂಡುಹಿಡಿದವರು ಕಾರ್ವರ್ ಎಂದು ಹಲವೆಡೆ ಬರೆದಿರುತ್ತಾರೆ. ಅದು ನಿಜವಲ್ಲ. ಅವರು ನಿಜವಾಗಿ ಮಾಡಿದ್ದೇ ಸಾಕಷ್ಟು ದೊಡ್ಡದು, ಅದನ್ನೇ ಹೇಳಿ.

*ಕಪ್ಪತಗುಡ್ಡ: ವಂಗಾರಿ ಮಾತಾಯ್.* ಕೀನ್ಯಾದ ಹಳ್ಳಿಯಲ್ಲಿ 1940ರಲ್ಲಿ ಹುಟ್ಟಿದ ವಂಗಾರಿ ಮಾತಾಯ್ 1977ರಲ್ಲಿ ಹಸಿರು ಪಟ್ಟಿ ಚಳವಳಿ ಆರಂಭಿಸಿದರು. ಹಳ್ಳಿಯ ಹೆಣ್ಣುಮಕ್ಕಳು ಸಸಿ ಮಾಡಿ ನೆಡುವುದು, ಬದುಕಿದ ಪ್ರತಿ ಗಿಡಕ್ಕೂ ಅವರಿಗೆ ಸ್ವಲ್ಪ ಹಣ ಸಿಗುವುದು, ಇದು ಅದರ ಕ್ರಮ. ಮೂರು ಕೋಟಿಗೂ ಹೆಚ್ಚು ಗಿಡಗಳು ಹೀಗೆ ಬೆಳೆದವು. 1989ರಲ್ಲಿ ನೈರೋಬಿಯ ಉದ್ಯಾನದಲ್ಲಿ ಸರ್ಕಾರ ಬೃಹತ್ ಕಟ್ಟಡ ಕಟ್ಟಲು ಹೊರಟಾಗ ಎದುರು ನಿಂತರು. 2004ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಆ ಪ್ರಶಸ್ತಿ ಪಡೆದ ಆಫ್ರಿಕಾದ ಮೊದಲ ಮಹಿಳೆ ಅವರು.

ಈ ಕತೆಯ ಪಕ್ಕದಲ್ಲಿ ನಮ್ಮ ತಾಲ್ಲೂಕಿನ ಕತೆ ಇಡಿ. 2011ರಲ್ಲಿ ಹಳ್ಳಿಗುಡಿ ಸುತ್ತಲಿನ ಜಮೀನು ಉಕ್ಕಿನ ಕಾರ್ಖಾನೆಗೆ ಹೋಗದಂತೆ ರೈತರು ತಡೆದರು. ಕಪ್ಪತಗುಡ್ಡಕ್ಕೆ ಕೊಟ್ಟಿದ್ದ ಸಂರಕ್ಷಿತ ಪ್ರದೇಶದ ಸ್ಥಾನವನ್ನು 2016ರಲ್ಲಿ ಹಿಂತೆಗೆದುಕೊಂಡಾಗ ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಜನ ಬೀದಿಗಿಳಿದರು. 2017ರಲ್ಲಿ ಆ ಸ್ಥಾನ ಮರಳಿ ಬಂತು, 2019ರಲ್ಲಿ ಗುಡ್ಡ ವನ್ಯಜೀವಿ ಧಾಮವಾಯಿತು. ಆ ಹೋರಾಟದಲ್ಲಿ ಇದ್ದವರು ನಿಮ್ಮ ಊರಲ್ಲೇ ಸಿಗಬಹುದು. ಅವರನ್ನು ಕರೆಸಿ. ಮಕ್ಕಳು ಮೊದಲು ವಂಗಾರಿ ಅವರ ಕತೆ ಓದಲಿ, ಆಮೇಲೆ ಆ ಹಿರಿಯರಿಗೆ ತಾವೇ ಪ್ರಶ್ನೆ ಕೇಳಲಿ.

*ಕೌದಿ: ಸಿದ್ದಿ ಹೆಣ್ಣುಮಕ್ಕಳು.* ಮುಂಡರಗಿ ಕಡೆ ಹಳೆ ಸೀರೆ, ಧೋತರ ಸೇರಿಸಿ ಕೌದಿ ಹೊಲಿಯದ ಮನೆ ಕಡಿಮೆ. ಉತ್ತರ ಕನ್ನಡದ ಸಿದ್ದಿ ಮಹಿಳೆಯರೂ ಕೌದಿ ಹೊಲಿಯುವುದರಲ್ಲಿ ಹೆಸರಾದವರು. ಅವರು ಒಂದು ಮೂಲೆಯಿಂದ ಶುರು ಮಾಡಿ ಅಂಚಿನ ಸುತ್ತ ತೇಪೆ ಕೂಡಿಸುತ್ತಾ ನಡುವಿನ ಕಡೆಗೆ ಬರುತ್ತಾರೆ. ಬಣ್ಣದ ತುಂಡುಗಳನ್ನು ಎದ್ದು ಕಾಣುವಂತೆ ಜೋಡಿಸುತ್ತಾರೆ. ನಾಲ್ಕೂ ಮೂಲೆಗೆ ಮಡಚಿದ ಮುಕ್ಕೋನದ ಬಟ್ಟೆಯ ಹೂವು ಇಡುತ್ತಾರೆ. ಅದಿಲ್ಲದೆ ಕೌದಿ ಪೂರ್ತಿಯಾಗದು ಎಂಬುದು ಅವರ ನಂಬಿಕೆ. ಈ ಕೌದಿಗಳು ಈಗ ಪರದೇಶದ ಕಲಾಪ್ರದರ್ಶನಗಳಿಗೂ ಹೋಗಿವೆ. ಮಕ್ಕಳು ಮನೆಯ ಕೌದಿ ತರಲಿ, ಅಜ್ಜಿ ಬಂದು ಹೊಲಿಗೆ ತೋರಿಸಲಿ, ಪಕ್ಕದಲ್ಲಿ ಸಿದ್ದಿ ಕೌದಿಯ ಚಿತ್ರ ಇರಲಿ. ಓದಲು ಬಾರದ ಅಜ್ಜಿಯೂ ಆ ದಿನ ಗುರುವಿನ ಜಾಗದಲ್ಲಿ ಕೂರುತ್ತಾಳೆ.

*ವಿಜಯಪುರದ ಪ್ರವಾಸ: ಇಖ್ಲಾಸ್ ಖಾನ್, ಮಲಿಕ್ ಅಂಬರ್.* ನಮ್ಮ ಸೀಮೆ ಆದಿಲ್‌ಶಾಹಿ ಆಳ್ವಿಕೆ ಕಂಡ ಸೀಮೆ. ಗೋಳಗುಮ್ಮಟದಲ್ಲಿ ಮಲಗಿರುವ ಮುಹಮ್ಮದ್ ಆದಿಲ್ ಶಾಹನ ಪ್ರಬಲ ಮಂತ್ರಿ, ಸೇನಾನಿ ಇಖ್ಲಾಸ್ ಖಾನ್ ಆಫ್ರಿಕಾ ಮೂಲದವನು. ಸುಲ್ತಾನನ ಹಿಂದೆ ಆನೆಯ ಮೇಲೆ ಛತ್ರ ಹಿಡಿದು ಕೂತಿರುವ ಅವನ ಚಿತ್ರ ಜಗತ್ಪ್ರಸಿದ್ಧ. ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಕೈಯಿಂದ ಕೈಗೆ ಮಾರಾಟವಾಗಿ ದಖ್ಖನ್ನಿಗೆ ಬಂದ ಮಲಿಕ್ ಅಂಬರ್ ಅಹಮದ್‌ನಗರದ ರಾಜ್ಯವನ್ನೇ ನಡೆಸಿದ. ಮೊಘಲರನ್ನು ವರ್ಷಾನುಗಟ್ಟಲೆ ತಡೆದು ನಿಲ್ಲಿಸಿದ. ಮುಂದೆ ಔರಂಗಾಬಾದ್ ಎನಿಸಿಕೊಂಡ ಖಡಕಿ ಪಟ್ಟಣವನ್ನು ಕಟ್ಟಿ, ನೆಲದಡಿಯ ಕಾಲುವೆಗಳಿಂದ ಅದಕ್ಕೆ ನೀರು ತಂದ. ತೀರಿಕೊಂಡದ್ದು 1626ರಲ್ಲಿ. ಶಾಲಾ ಪ್ರವಾಸಕ್ಕೆ ವಿಜಯಪುರಕ್ಕೆ ಹೋಗುವ ಮುನ್ನ ಈ ಇಬ್ಬರ ಬಗ್ಗೆ ಒಂದು ಪುಟ ಓದಿಸಿದರೆ, ಮಕ್ಕಳು ಗುಮ್ಮಟದ ಪ್ರತಿಧ್ವನಿ ಕೇಳುವಾಗ ಆ ಕಾಲದ ಜನರನ್ನೂ ನೆನೆಯುತ್ತಾರೆ.

ನೆರೆಯ ಸಿದ್ದಿಗಳಿಗೆ ಮೊದಲ ಮಣೆ

ದೂರದ ಸಾಧಕರನ್ನು ಮಾತ್ರ ಕೊಂಡಾಡಿ ಹತ್ತಿರದವರನ್ನು ಮರೆಯಬಾರದು. ಪೋರ್ಚುಗೀಸರು ಆಫ್ರಿಕಾದ ಪೂರ್ವ ತೀರದಿಂದ ಗೋವೆಗೆ ಹಿಡಿದು ತಂದವರಲ್ಲಿ ಅನೇಕರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಅವರ ಸಂತತಿ ಇಂದು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಕಲಘಟಗಿ, ಖಾನಾಪುರ ಭಾಗಗಳಲ್ಲಿದೆ. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರು ಅವರಲ್ಲಿದ್ದಾರೆ. ಕನ್ನಡ, ಕೊಂಕಣಿ, ಉರ್ದು, ಮರಾಠಿ ಆಡುತ್ತಾರೆ. ಉತ್ತರ ಕನ್ನಡದ ಸಿದ್ದಿಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು, 2020ರಲ್ಲಿ ಧಾರವಾಡ, ಬೆಳಗಾವಿ ಜಿಲ್ಲೆಗಳಿಗೂ ಅದು ವಿಸ್ತರಿಸಿತು. ಅದೇ ವರ್ಷ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಆ ಸಮುದಾಯದಿಂದ ರಾಜ್ಯದ ಶಾಸಕಾಂಗಕ್ಕೆ ಹೋದ ಮೊದಲಿಗರು ಅವರು. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ವಿಶೇಷ ಯೋಜನೆಯಲ್ಲಿ ಆಯ್ಕೆಯಾದ ಸಿದ್ದಿ ಮಕ್ಕಳಲ್ಲಿ ಕಮಲಾ ಸಿದ್ದಿಯಂಥವರು ಅಥ್ಲೆಟಿಕ್ಸ್‌ನಲ್ಲಿ ರಾಷ್ಟ್ರಮಟ್ಟಕ್ಕೇರಿದರು. ಗಿರಿಜಾ ಸಿದ್ದಿ ರಂಗನಟಿ, ಗಾಯಕಿ. ಪ್ರಶಾಂತ್ ಸಿದ್ದಿಯವರನ್ನು ಮಕ್ಕಳು ಸಿನಿಮಾದಲ್ಲಿ ನೋಡಿಯೇ ಇರುತ್ತಾರೆ. ಗುಜರಾತಿನ ಸಿದ್ದಿ ಮಹಿಳೆ ಹೀರಾಬಾಯಿ ಲೋಬಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು.

ಪುಸ್ತಕವೊಂದು ಖಂಡ ದಾಟಿ ಬಂದು ತನ್ನವರನ್ನು ಸೇರಿದ ಉದಾಹರಣೆಯೂ ಇಲ್ಲಿದೆ. ನೈಜೀರಿಯಾದ ಲೇಖಕ ಚಿನುವಾ ಅಚೆಬೆ 1958ರಲ್ಲಿ ಪ್ರಕಟಿಸಿದ ಕಾದಂಬರಿ ‘ಥಿಂಗ್ಸ್ ಫಾಲ್ ಅಪಾರ್ಟ್’ 1980ರ ದಶಕದಲ್ಲಿ ‘ಕಪ್ಪು ಜನ ಕೆಂಪು ನೆರಳು’ ಎಂಬ ಕನ್ನಡ ನಾಟಕವಾಯಿತು. ಹೆಗ್ಗೋಡಿನ ನೀನಾಸಂನವರು ಯಲ್ಲಾಪುರ ತಾಲ್ಲೂಕಿನ ಮಂಚೀಕೇರಿಯಲ್ಲಿ ಸಿದ್ದಿ ಕಲಾವಿದರಿಂದಲೇ ಅದನ್ನು ಆಡಿಸಿದರು. ಪ್ರೌಢಶಾಲೆಯ ಮಕ್ಕಳಿಗೆ ಈ ಸಂಗತಿ ತಪ್ಪದೆ ಹೇಳಿ.

ಪುಸ್ತಕ ಎಲ್ಲಿ ಸಿಗುತ್ತವೆ?

ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು. ಈಗ ಅವುಗಳ ಹೆಸರು ಅರಿವು ಕೇಂದ್ರ. 2020ರ ಮಕ್ಕಳ ದಿನದಂದು ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದವರೆಗಿನ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ನಿಮ್ಮ ಊರಿನ ಕೇಂದ್ರಕ್ಕೆ ಹೋಗಿ ಮಕ್ಕಳ ಹೆಸರು ಬರೆಸಿ, ನಿಮಗೆ ಬೇಕಾದ ಪುಸ್ತಕಗಳ ಪಟ್ಟಿ ಕೊಡಿ.

ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಮಕ್ಕಳ ಕತೆಗಳು ಉಚಿತವಾಗಿವೆ. ಆಫ್ರಿಕಾದ ಲೇಖಕರು, ಚಿತ್ರಕಾರರು ಮಾಡಿದ ಕತೆಗಳೂ ಅಲ್ಲಿ ಸಿಗುತ್ತವೆ. ಇಳಿಸಿಕೊಂಡು ಮುದ್ರಿಸಿ ಹಂಚಲು ಮುಕ್ತ ಪರವಾನಗಿ ಇದೆ. ಲೇಖಕರ, ಚಿತ್ರಕಾರರ ಹೆಸರಿರುವ ಪುಟವನ್ನು ಮಾತ್ರ ಬಿಡಬಾರದು. ಮೊಬೈಲ್‌ನಲ್ಲಿ ತೋರಿಸುವುದಕ್ಕಿಂತ ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿ, ನಡುವೆ ಪಿನ್ನು ಹೊಡೆದು ಮಕ್ಕಳ ಕೈಗೆ ಕೊಡಿ. ನವಕರ್ನಾಟಕ, ನ್ಯಾಷನಲ್ ಬುಕ್ ಟ್ರಸ್ಟ್ ಪ್ರಕಟಣೆಗಳಲ್ಲಿ ಕಡಿಮೆ ಬೆಲೆಯ ಮಕ್ಕಳ ಪುಸ್ತಕಗಳಿರುತ್ತವೆ. ಕನ್ನಡದಲ್ಲಿ ಪುಸ್ತಕ ಸಿಗದ ಸಾಧಕರ ಬಗ್ಗೆ ಶಿಕ್ಷಕರೇ ಒಂದು ಪುಟ ಬರೆದು ದೊಡ್ಡ ಅಕ್ಷರದಲ್ಲಿ ಮುದ್ರಿಸಬಹುದು. ಒಂದು ಪುಟಕ್ಕೆ ಒಬ್ಬರೇ ವ್ಯಕ್ತಿ, ಸಣ್ಣ ವಾಕ್ಯ, ಒಂದು ಘಟನೆ. ಹುಟ್ಟಿದ ದಿನ, ಪ್ರಶಸ್ತಿಗಳ ಪಟ್ಟಿಯಿಂದ ಶುರು ಮಾಡಬೇಡಿ, ಘಟನೆಯಿಂದ ಶುರು ಮಾಡಿ.

ಹಬ್ಬದ ದಿನದ ಕ್ರಮ

ಬ್ಯಾಗ್ ಇಲ್ಲದ ಸಂಭ್ರಮ ಶನಿವಾರ ಇದಕ್ಕೆ ಹೇಳಿ ಮಾಡಿಸಿದ ದಿನ. ಎರಡು ಎರಡೂವರೆ ತಾಸು ಸಾಕು.

1. ಒಬ್ಬರನ್ನೇ ಆರಿಸಿ. ಒಂದು ದಿನಕ್ಕೆ ಒಬ್ಬರೇ ಸಾಧಕರು. ಹತ್ತು ಜನರ ಹೆಸರು ಹೇಳಿದರೆ ಒಬ್ಬರೂ ನೆನಪಿನಲ್ಲಿ ಉಳಿಯುವುದಿಲ್ಲ.

2. ಗಟ್ಟಿಯಾಗಿ ಓದಿ, 15 ನಿಮಿಷ. ಓದುವವರು ಮನೆಯಲ್ಲಿ ಎರಡು ಸಲ ಓದಿ ಬಂದಿರಬೇಕು. ಮಕ್ಕಳನ್ನು ಸಾಲಾಗಿ ಕೂರಿಸದೆ ಸುತ್ತ ಕೂರಿಸಿ. ಕತೆಯ ನಡುವೆ ಒಂದು ಕಡೆ ನಿಲ್ಲಿಸಿ, ಮುಂದೇನಾಗಬಹುದು ಎಂದು ಕೇಳಿ.

3. ವಸ್ತು ಕೈಗೆ ಕೊಡಿ. ಶೇಂಗಾ ಗಿಡ, ಕೌದಿ, ಸಸಿ, ಏನಾದರೊಂದು ಕೈಯಿಂದ ಕೈಗೆ ಹೋಗಲಿ.

4. ಜೋಡಿ ಓದು, 20 ನಿಮಿಷ. ದೊಡ್ಡ ತರಗತಿಯ ಮಗು, ಸಣ್ಣ ತರಗತಿಯ ಮಗು ಜೋಡಿಯಾಗಿ ಅದೇ ಪುಟವನ್ನು ಓದಲಿ. ತಡವರಿಸುವ ಮಗುವನ್ನು ಎಲ್ಲರ ಮುಂದೆ ನಿಲ್ಲಿಸಿ ಓದಿಸಬೇಡಿ.

5. ಭೂಪಟ. ಮುಂಡರಗಿ, ಯಲ್ಲಾಪುರ, ಆ ದಿನದ ಸಾಧಕರ ದೇಶ, ಮೂರಕ್ಕೂ ಗುರುತು ಹಾಕಿ ದಾರ ಕಟ್ಟಿ.

6. ಗೋಡೆ ಪತ್ರಿಕೆ. ಮಕ್ಕಳು ಬರೆದದ್ದು, ಚಿತ್ರಿಸಿದ್ದು ಒಂದು ತಿಂಗಳು ಗೋಡೆಯ ಮೇಲಿರಲಿ. ಕಾಗುಣಿತ ತಪ್ಪಿಗೆ ಕೆಂಪು ಗೆರೆ ಎಳೆಯಬೇಡಿ.

7. ಪುಸ್ತಕ ಮನೆಗೆ. ಪ್ರತಿ ಮಗುವೂ ಒಂದು ಪುಸ್ತಕ ಅಥವಾ ಮುದ್ರಿಸಿದ ಪುಟ ಹಿಡಿದು ಮನೆಗೆ ಹೋಗಲಿ. ಅವ್ವನಿಗೆ, ಅಜ್ಜಿಗೆ ಅದನ್ನು ಓದಿ ಹೇಳುವುದೇ ಮನೆಗೆಲಸ.

ವಯಸ್ಸಿಗೆ ತಕ್ಕಂತೆ ಆಯ್ಕೆ ಬದಲಾಗಬೇಕು. ಮೂರನೇ ತರಗತಿವರೆಗೆ ಪಶ್ಚಿಮ ಆಫ್ರಿಕಾದ ಜಾಣ ಜೇಡ ಅನಾನ್ಸಿಯ ಜನಪದ ಕತೆಗಳು, ಚಿತ್ರಕತೆಗಳು ಸಾಕು. ನಾಲ್ಕರಿಂದ ಏಳರವರೆಗೆ ಕಾರ್ವರ್, ವಂಗಾರಿ, ಡಗ್ಲಾಸ್. ಪ್ರೌಢಶಾಲೆಯವರಿಗೆ ರೋಸಾ ಪಾರ್ಕ್ಸ್, ಮಂಡೇಲಾ. ಡಾ. ಅಂಬೇಡ್ಕರ್ 1946ರಲ್ಲಿ ಕಪ್ಪು ಚಿಂತಕ ಡಬ್ಲ್ಯು.ಇ.ಬಿ. ಡುಬಾಯ್ಸ್ ಅವರಿಗೆ ಪತ್ರ ಬರೆದು, ಅಸ್ಪೃಶ್ಯರ ಸ್ಥಿತಿಗೂ ಕಪ್ಪು ಜನರ ಸ್ಥಿತಿಗೂ ಇರುವ ಹೋಲಿಕೆಯನ್ನು ಎತ್ತಿ ಹೇಳಿದ್ದರು. ಹತ್ತನೇ ತರಗತಿಯ ಮಕ್ಕಳ ಚರ್ಚೆಗೆ ಅದೊಂದೇ ಸಾಕು.

ಎಚ್ಚರ ವಹಿಸಬೇಕಾದ ಮಾತುಗಳು

ಮೈಬಣ್ಣದ ಮೇಲೆ ಅಡ್ಡಹೆಸರು ಇಡುವುದು ನಮ್ಮ ಓಣಿಗಳಲ್ಲಿ, ತರಗತಿಗಳಲ್ಲಿ ಇಂದಿಗೂ ಇದೆ. ಕಪ್ಪಗಿರುವ ಹೆಣ್ಣುಮಗುವಿಗೆ ಮನೆಯಲ್ಲೇ ಚುಚ್ಚು ಮಾತು ಶುರುವಾಗುತ್ತದೆ. ಕಪ್ಪು ಸಾಧಕರ ಕತೆ ಓದುವ ದಿನ ಇದನ್ನು ಮುಚ್ಚಿಡದೆ ಮಾತಾಡಿ. ಆದರೆ ಯಾವ ಮಗುವನ್ನೂ ಉದಾಹರಣೆಯಾಗಿ ತೋರಿಸಬೇಡಿ.

ವೇಷಭೂಷಣ ಸ್ಪರ್ಧೆ ಇಟ್ಟರೆ ಮಕ್ಕಳ ಮುಖಕ್ಕೆ ಕಪ್ಪು ಬಣ್ಣ ಬಳಿಯಬೇಡಿ. ಅದು ಕಪ್ಪು ಜನರಿಗೆ ಅವಮಾನ. ಕಾರ್ವರ್ ಆಗುವ ಹುಡುಗ ಕೈಯಲ್ಲಿ ಶೇಂಗಾ ಗಿಡ ಹಿಡಿದರೆ ಸಾಕು, ವಂಗಾರಿ ಆಗುವ ಹುಡುಗಿ ಸಸಿ ಹಿಡಿದರೆ ಸಾಕು.

ಆಫ್ರಿಕಾ ಒಂದು ದೇಶವಲ್ಲ, 54 ದೇಶಗಳ ಖಂಡ. ಕೀನ್ಯಾ, ನೈಜೀರಿಯಾ, ಇಥಿಯೋಪಿಯಾ ಎಂದು ದೇಶದ ಹೆಸರು ಹೇಳಿಯೇ ಮಾತಾಡಿ. ಕತೆ ಬರೀ ಗುಲಾಮಗಿರಿಯ ಸಂಕಟದಲ್ಲೇ ನಿಲ್ಲಬಾರದು. ಮಕ್ಕಳ ಮನಸ್ಸಿನಲ್ಲಿ ಉಳಿಯಬೇಕಾದ್ದು ಅಯ್ಯೋ ಪಾಪ ಎನ್ನುವ ಭಾವವಲ್ಲ, ಗೌರವ. ಸಿದ್ದಿ ಸಮುದಾಯದ ಅತಿಥಿಯನ್ನು ಕರೆಸಿದರೆ ಡಮಾಮಿ ಕುಣಿತ ತೋರಿಸಿ ಎನ್ನುವುದರಲ್ಲೇ ಮುಗಿಸಬೇಡಿ. ಅವರ ಓದು, ಕೆಲಸ, ಊರಿನ ಬಗ್ಗೆ ಕೇಳಿ. ಪ್ರಯಾಣದ ಖರ್ಚು, ಗೌರವಧನ ಕೊಡಿ. ನೀವು ಎಲ್ಲಿಯವರು, ಕನ್ನಡ ಹೇಗೆ ಕಲಿತಿರಿ ಎಂದು ಮಕ್ಕಳು ಕೇಳದಂತೆ ಮೊದಲೇ ತಿಳಿಸಿ ಹೇಳಿ. ಅವರು ನಮ್ಮ ಪಕ್ಕದ ಜಿಲ್ಲೆಯವರು, ಕನ್ನಡ ಅವರ ಮನೆ ಮಾತೂ ಹೌದು.

ವರ್ಷದ ಪಟ್ಟಿ

ಮಕ್ಕಳ ಓದು ಒಂದೇ ದಿನದ ಸಮಾರಂಭದಿಂದ ಬೆಳೆಯುವುದಿಲ್ಲ. ಜನವರಿ 3ರ ಸಾವಿತ್ರಿಬಾಯಿ ಫುಲೆ ಜಯಂತಿಗೆ ಡಗ್ಲಾಸ್ ಕತೆ ಸೇರಿಸಿ. ಫೆಬ್ರುವರಿಯಲ್ಲಿ ಒಂದು ವಾರ ವುಡ್ಸನ್ ನೆನಪಿನಲ್ಲಿ ದಿನಕ್ಕೊಂದು ಪುಟ ಓದಿ. ಜೂನ್ 5ರ ಪರಿಸರ ದಿನಕ್ಕೆ ವಂಗಾರಿ ಮತ್ತು ಕಪ್ಪತಗುಡ್ಡ. ಜುಲೈ 18 ಮಂಡೇಲಾ ಹುಟ್ಟಿದ ದಿನ. 27 ವರ್ಷ ಸೆರೆಮನೆಯಲ್ಲಿದ್ದ ಅವರಿಗೆ ಭಾರತ 1990ರಲ್ಲಿ ಭಾರತರತ್ನ ಕೊಟ್ಟಿತು. ಶೇಂಗಾ ಹೊಲ ನೋಡುವಂತಾದಾಗ ಕಾರ್ವರ್. ನವೆಂಬರ್ 14ರಿಂದ 20ರವರೆಗಿನ ಗ್ರಂಥಾಲಯ ಸಪ್ತಾಹದಲ್ಲಿ ಸಿದ್ದಿ ಅತಿಥಿ ಮತ್ತು ಕೌದಿ ಪ್ರದರ್ಶನ. ಡಿಸೆಂಬರ್ 1ಕ್ಕೆ ರೋಸಾ ಪಾರ್ಕ್ಸ್. 1955ರ ಅದೇ ದಿನ ಅವರು ಅಮೆರಿಕದ ಬಸ್ಸೊಂದರಲ್ಲಿ ಬಿಳಿಯ ಪ್ರಯಾಣಿಕನಿಗೆ ತಮ್ಮ ಸೀಟು ಬಿಟ್ಟುಕೊಡಲು ಒಪ್ಪದೆ ಬಂಧನಕ್ಕೊಳಗಾದರು.

ಶಿರಹಟ್ಟಿ, ಲಕ್ಷ್ಮೇಶ್ವರ, ಗದಗ-ಬೆಟಗೇರಿಯ ಶಾಲೆಗಳೂ ಇದೇ ಪಟ್ಟಿಯನ್ನು ತಮ್ಮ ಊರಿಗೆ ಹೊಂದಿಸಿಕೊಳ್ಳಬಹುದು. ಬೆಟಗೇರಿಯ ಮಗ್ಗದ ಮನೆಯ ಮಕ್ಕಳಿಗೆ ಹತ್ತಿಯ ಕತೆ ಹೇಳುವಾಗ, ಅಮೆರಿಕದ ಹತ್ತಿ ಹೊಲಗಳಲ್ಲಿ ಅದನ್ನು ಬಿಡಿಸಿದ ಕೈಗಳು ಯಾರವು ಎಂಬುದನ್ನೂ ಹೇಳಬೇಕು.

ದುಡ್ಡು ಹೆಚ್ಚು ಬೇಡ, ದೊಡ್ಡ ವೇದಿಕೆ ಬೇಡ, ಮುಖ್ಯ ಅತಿಥಿಗಳ ಭಾಷಣವೂ ಬೇಡ. ಈ ವಾರ ಮಾಡಬೇಕಾದ್ದು ಮೂರೇ ಕೆಲಸ: ಅರಿವು ಕೇಂದ್ರದಲ್ಲಿ ಮಕ್ಕಳ ಹೆಸರು ಬರೆಸಿ, ಒಬ್ಬ ಸಾಧಕರನ್ನು ಆರಿಸಿ ಒಂದು ಪುಟ ಸಿದ್ಧ ಮಾಡಿ, ಬರುವ ಶನಿವಾರ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಗಟ್ಟಿಯಾಗಿ ಓದಿ. ಓದುವ ಹಕ್ಕಿಗಾಗಿ ಇಷ್ಟೊಂದು ಕಷ್ಟಪಟ್ಟ ಜನರ ಕತೆ ಕೇಳಿದ ಮಗು ತನ್ನ ಕೈಯಲ್ಲಿರುವ ಪುಸ್ತಕವನ್ನು ಸುಮ್ಮನೆ ಬಿಟ್ಟುಕೊಡುವುದಿಲ್ಲ.